ಕೊನೆಯ ತೂಬಿನ ಕೆಳಗೆ

ನದಿಯಂಚಿನ ಆಶ್ರಮವೊಂದರಲ್ಲಿ ರುದ್ರಯ್ಯ ಗುರುಗಳು ಯಂತ್ರಗಳಿಗೆ ಕೋಡ್ ಬರೆಯುವುದನ್ನು ಕಲಿಸುತ್ತಿದ್ದರು.

ಪಕ್ಕದ ಒಡ್ಡಿನ ಐದು ತೂಬುಗಳಿಗೆ ಹೊಸ ಮೋಟಾರು ಕೂರಿಸಿದ್ದರು. ಅವುಗಳನ್ನು ತಿರುಗಿಸುವ ಡ್ರೈವರ್ ಕೋಡ್ ಶಿಷ್ಯ ಶಂಭುಲಿಂಗನದು. ಮೊದಲ ಪರೀಕ್ಷೆಗೆ ಐದನೆಯ ತೂಬನ್ನು ತೆಗೆಯಲು ಹೇಳಿದಾಗಲೇ ಕೋಡ್ ನಿಂತುಬಿಟ್ಟಿತ್ತು.

ಶಂಭುಲಿಂಗ ತಪ್ಪು ಹುಡುಕಿ ತಿದ್ದಿದ. ಮೋಟಾರುಗಳನ್ನು ಅರೇ ಎಂಬ ಸಾಲಿನಲ್ಲಿ ಜೋಡಿಸಿದ್ದ. ಆ ಸಾಲಿನ ಎಣಿಕೆ ಸೊನ್ನೆಯಿಂದ ಹೊರಟು ನಾಲ್ಕಕ್ಕೆ ಮುಗಿಯುತ್ತದೆ. ಐದು ಎಂದಾಗ ಕೋಡ್ ಸಾಲಿನಾಚೆಗೆ ಕೈಚಾಚುತ್ತಿತ್ತು. ಸಾಲು ದಾಟುವ ಅಂಕಿ ಬಂದರೆ ಕೊನೆಯ ಮೋಟಾರನ್ನೇ ತಿರುಗಿಸು ಎಂದು ಅವನು ಸೇರಿಸಿದ. ಐದನೆಯ ತೂಬು ಸಲೀಸಾಗಿ ಎದ್ದಿತು.

ಅದನ್ನು ಮತ್ತೆ ಮುಚ್ಚಿ, ಗುರುಗಳಿಗೆ ತಂದು ತೋರಿಸಿದ. ಸಂಜೆಯೊಳಗೆ ನಾಲ್ಕನೆಯ ತೂಬಿನಿಂದ ಗದ್ದೆಗೆ ನೀರು ಬಿಡಬೇಕಿತ್ತು. ಅವರು ಒಪ್ಪದೆ ಬಿಡುವಂತಿರಲಿಲ್ಲ.

ಗುರುಗಳು ಓದಿದರು. ಎಷ್ಟು ತೂಬು ತೆಗೆದು ನೋಡಿದೆ ಎಂದು ಕೇಳಿದರು.

"ಕೆಟ್ಟಿದ್ದು ಐದನೆಯದು ತಾನೇ, ಗುರುಗಳೇ? ಅದನ್ನು ನೋಡಿದೆ."

ಅವರು ಎದ್ದು ಒಡ್ಡಿನ ಕೆಳಗಿಳಿದರು. ಐದನೆಯ ತೂಬಿನ ಬಾಯಿಗೆ ನೇರವಾಗಿ, ನೀರು ಹರಿದುಹೋಗಿ ಬರಿದಾದ ಕಾಲುವೆಯಲ್ಲಿ, ಊರಿನವರು ಬಟ್ಟೆ ಒಗೆಯುವ ಬಂಡೆಯ ಮೇಲೆ ಕೂತರು. ಒಡ್ಡಿನ ಹಿಂದೆ ನೀರು ತುಂಬಿ ನಿಂತಿತ್ತು.

"ಶಂಭು, ನಾಲ್ಕನೆಯದನ್ನು ತೆಗಿ."

ಗುರುಗಳು ಕೂತದ್ದು ಐದನೆಯದರ ಕೆಳಗೆ. ಹೆದರುವುದೇನಿದೆ? ಅವನು ನಾಲ್ಕು ಎಂದು ಬರೆದ. ಒತ್ತಲು ಬೆರಳು ಎತ್ತಿದ.

ಬೆರಳು ಅಲ್ಲೇ ನಿಂತಿತು.

ಸಾಲಿನಲ್ಲಿ ನಾಲ್ಕು ಎಂದರೆ ಕೊನೆಯದು, ಐದನೆಯ ತೂಬು. ನಾಲ್ಕು ಎಂದರೂ ಐದು ಎಂದರೂ ಏಳುವುದು ಅದೊಂದೇ ತೂಬು. ಬರೆದ ಅಂಕಿಯನ್ನು ಮೊದಲು ಅಳಿಸಿದ.

"ಏನಯ್ಯಾ, ಮೋಟಾರು ನಿದ್ದೆ ಮಾಡ್ತಿದೆಯೋ?" ಎಂದರು ಗುರುಗಳು ಕೆಳಗಿನಿಂದ.

ಅವನು ಸೇರಿಸಿದ್ದನ್ನು ಕಿತ್ತುಹಾಕಿದ. ಬಂದ ಅಂಕಿಯಲ್ಲಿ ಒಂದು ಕಳೆದು ಸಾಲಿನಲ್ಲಿ ಹುಡುಕುವಂತೆ ಮಾಡಿದ. ಇಲ್ಲದ ತೂಬನ್ನು ಕೇಳಿದರೆ ಯಾವ ಮೋಟಾರೂ ತಿರುಗದಂತೆ ಬರೆದ. ಕಂಪ್ಯೂಟರನ್ನು ಎತ್ತಿಕೊಂಡು ಕಾಲುವೆಗೆ ಇಳಿದ.

ಗುರುಗಳು ಕೂತಲ್ಲೇ ಮೊದಲಿನಿಂದ ಕೊನೆಯವರೆಗೆ ಓದಿದರು.

"ಸರಿಯಿದೆ. ಮೇಲೆ ಹೋಗಿ ತೆಗಿ."

ಶಂಭುಲಿಂಗ ಕದಲಲಿಲ್ಲ. ಬಂಡೆಯಿಂದ ಏಳಿರೆಂದು ಬೇಡಿಕೊಂಡ. ಸರಿಯಿದೆ ಎಂದು ತಾವೇ ಹೇಳಿದಿರಲ್ಲ, ಇನ್ನು ಇಲ್ಲಿ ಕೂರುವುದೇಕೆ ಎಂದ.

"ನೀವು ಎದ್ದ ಮೇಲೆ ಒತ್ತುತ್ತೇನೆ, ಗುರುಗಳೇ."

"ನಾನು ಎದ್ದರೆ ನಾಳೆ ಬಟ್ಟೆ ಒಗೆಯೋಕೆ ಇಲ್ಲಿ ಇನ್ಯಾರೋ ಬಂದು ಕೂರ್ತಾರಪ್ಪ."