ದುಂಡಪ್ಪ ಗೋದಿ ಬಿಡಿಸಿದ್ದು

ಒಬ್ಬಳು ಅವ್ವ, ಒಬ್ಬನು ಮಗ. ಅವ್ವ ಕಾಶವ್ವ, ಮಗ ದುಂಡಪ್ಪ. ಅವ್ವ ಹೇಳಬೇಕು, ಮಗ ಮಾಡಬೇಕು, ಆ ಮನೆ ನಡೆಯುತ್ತಿದ್ದದ್ದೇ ಹಾಗೆ. ಹೇಳಿದ್ದನ್ನು ದುಂಡಪ್ಪ ಮಾಡಲಿಲ್ಲ ಎಂದು ಯಾರೂ ಅನ್ನುವಂತಿರಲಿಲ್ಲ. ಹೇಳಿದ್ದನ್ನೇ ಮಾಡುತ್ತಿದ್ದ, ಹೇಳಿದ ಹಾಗೆಯೇ ಮಾಡುತ್ತಿದ್ದ. ಕಾಶವ್ವನ ಗೋಳೆಲ್ಲ ಅದೇ. ಹಾಲು ಉಕ್ಕುತ್ತದೆ, ನೋಡುತ್ತಿರು ಅಂದರೆ, ಉಕ್ಕಿ ಒಲೆ ಆರುವ ತನಕ ಕಣ್ಣು ಮಿಟುಕಿಸದೆ ನೋಡಿದವನು ಅವನು.

ಕಾಶವ್ವನಿಗೆ ವರ್ಷಗಟ್ಟಲೆ ಹೊಟ್ಟೆಯ ತ್ರಾಸು. ಉಂಡದ್ದು ಮೈಗೆ ಹತ್ತುತ್ತಿರಲಿಲ್ಲ. ಹೊಟ್ಟೆ ಉಬ್ಬುವುದು, ಭೇದಿಯಾಗುವುದು, ನಿಂತರೆ ತಲೆ ಸುತ್ತುವುದು. ಸೊರಗಿ ಸೊರಗಿ ಕುಪ್ಪಸ ಹೆಗಲಿಂದ ಜಾರುವಂತಾಯಿತು. ಕಡೆಗೆ ಜಿಲ್ಲಾ ಊರಿನ ಲೇಡಿ ಡಾಕ್ಟರು, ಎಲ್ಲರೂ ಡಾಕ್ಟರ್ ಬಾಯಿ ಎಂದೇ ಕರೆಯುವವರು, ರಕ್ತ ತಪಾಸಿಸಿ, ಗಂಟಲಿಂದ ಕೊಳವೆ ಇಳಿಸಿ ಕರುಳು ನೋಡಿ, ಇದಕ್ಕೆ ಸೀಲಿಯಾಕ್ ಅಂತಾರೆ ಅಂದರು. ಗೋದಿಯೊಳಗಿನ ಅಂಟು ಈಕೆಯ ಕರುಳಿಗೆ ಆಗಿಬರುವುದಿಲ್ಲ. ಗೋದಿ ಬಿಡುವುದೇ ಔಷಧ. ಚಪಾತಿ, ರವೆ, ಮೈದಾ, ಶಾವಿಗೆ ಯಾವುದೂ ಬೇಡ, ಒಂದು ಚಿಟಿಕೆಯೂ ಬೇಡ, ಜೀವ ಇರುವ ತನಕ ಬೇಡ. ಜೋಳ, ಸಜ್ಜೆ, ಅಕ್ಕಿ, ಬೇಳೆ ಧಾರಾಳವಾಗಿ ಉಣ್ಣಬಹುದು.

ಜೋಳದ ರೊಟ್ಟಿ ತಿಂದು ಬೆಳೆದ ಹೆಂಗಸಿಗೆ ಅದೇನು ದೊಡ್ಡ ಮಾತು ಅನ್ನಿಸಲಿಲ್ಲ. ಚಿಂತೆ ಹತ್ತಿದ್ದು ಊರಿಗೆ ಮರಳುವ ಬಸ್ಸಿನಲ್ಲಿ, ಪಕ್ಕದಲ್ಲಿ ಕೂತ ಮಗನನ್ನು ನೋಡಿದಾಗ. ಅಂಗಡಿಗೆ ಹೋಗುವವನು ಅವನು, ಗಿರಣಿಗೆ ಹೋಗುವವನೂ ಅವನು.

ಮನೆಗೆ ಬಂದು ಕಾಶವ್ವ ಹೇಳಿದಳು, "ನೋಡಪಾ, ಇನ್ನ ಈ ಮನ್ಯಾಗ ಗೋದಿ ಇರಬಾರದು."

ಇರಬಾರದು ಅಂದರೆ ಇರಬಾರದು. ಅವಳು ಕಾಲು ತೊಳೆದುಕೊಂಡು ಬರುವಷ್ಟರಲ್ಲಿ ಗೋದಿಯ ಚೀಲ ಬೀದಿಯಲ್ಲಿತ್ತು. ಹಿಟ್ಟಿನ ಡಬ್ಬಿ ಬೀದಿಯಲ್ಲಿ, ರವೆ ಬೀದಿಯಲ್ಲಿ, ಶಾವಿಗೆ ಬೀದಿಯಲ್ಲಿ. ಗೊಬ್ಬರದಂಗಡಿಯವರು ಕೊಟ್ಟ ಕ್ಯಾಲೆಂಡರಿನಲ್ಲಿ ಗೋದಿ ತೆನೆಯ ಚಿತ್ರವಿತ್ತು, ಅದೂ ಬೀದಿಯಲ್ಲಿ. ಓಣಿಯ ಆಡುಗಳೆಲ್ಲ ಸೇರಿದ್ದವು. ಬೇಕಾದವರ ಮನೆಗೆ ಕೊಟ್ಟು ಬರಬೇಕಿತ್ತಲ್ಲ ಎಂದು ಕಾಶವ್ವ ಹಣೆ ಹಣೆ ಬಡಿದುಕೊಂಡಳು. ಬೈದು ಬೈದು ಸಾಕಾದ ಮೇಲೆ ಬುದ್ಧಿ ಹೇಳಿದಳು. ಹಳೆಯದು ಹೋದದ್ದು ಹೋಯಿತು, ಇನ್ನು ಮುಂದೆ ಅಂಗಡಿಯಿಂದ ಏನೇ ತಂದರೂ ಇದರಲ್ಲಿ ಗೋದಿ ಐತೇನು ಎಂದು ಕೇಳಿ ತಗೊಂಡು ಬರಬೇಕು.

ಮರುದಿನ ದುಂಡಪ್ಪ ಇಂಗು ತರಲು ಹೋದ. ಇದರಲ್ಲಿ ಗೋದಿ ಐತೇನು ಎಂದು ಕೇಳಿದ. ಅಂಗಡಿಯ ಶೆಟ್ಟರು ಕನ್ನಡಕ ಏರಿಸಿ ಡಬ್ಬಿಯ ಮೇಲಿನ ಸಣ್ಣ ಅಕ್ಷರ ಓದಿದರು. ಐತಿ, ಇಂಗಿಗೆ ಗೋದಿ ಹಿಟ್ಟು ಕೂಡಿಸಿರುತ್ತಾರೆ ಅಂದರು. ದುಂಡಪ್ಪ ತಲೆಯಾಡಿಸಿ ಡಬ್ಬಿ ತಗೊಂಡು ಬಂದ. ಆ ಇಂಗಿನ ಒಗ್ಗರಣೆಯ ಸಾರು ಉಂಡ ಕಾಶವ್ವ ಹೊಟ್ಟೆ ಹಿಡಿದುಕೊಂಡು ಮಲಗಿದವಳು ಆ ದಿನವೆಲ್ಲ ಏಳಲಿಲ್ಲ.

"ಕೇಳಿದೇನಿಲ್ಲೋ?" ಅಂದಳು ಮಲಗಿದಲ್ಲಿಂದಲೇ.

"ಕೇಳಿದ್ನವ್ವಾ. ಐತಿ ಅಂದ್ರು. ತಗೊಂಡು ಬಂದ್ನಿ."

ಕೇಳಿ ತಗೊಂಡು ಬಾ ಅಂದವಳು ಅವಳೇ. ಏನೆಂದು ಬಯ್ಯುವುದು? ಆದರೂ ಬೈದಳು. ಬೈದು, ಗೋದಿ ಐತಿ ಅಂದರೆ ಅಲ್ಲೇ ಬಿಟ್ಟು ಬರಬೇಕು, ಮುಟ್ಟಲೂ ಬಾರದು ಎಂದು ತಿಳಿಸಿ ಹೇಳಿದಳು.

ತಂಗಿಗೆ ಹುಷಾರಿಲ್ಲ ಎಂದು ಕೇಳಿ ಕಾಶವ್ವನ ಅಕ್ಕ ಬಂಗಾರೆವ್ವ ತನ್ನೂರಿನಿಂದ ಹೊರಟಳು. ಕರೆದುಕೊಂಡು ಬಾ ಎಂದು ಮಗನನ್ನು ಬಸ್ ಸ್ಟ್ಯಾಂಡಿಗೆ ಕಳಿಸಿದಳು ಕಾಶವ್ವ. ಹೋದವನು ಬರಿಗೈಯಲ್ಲಿ ಬಂದ.

"ದೊಡ್ಡವ್ವ ಎಲ್ಲಿ?"

"ಆಕಿಯೊಳಗ ಗೋದಿ ಐತಿ," ಅಂದ ದುಂಡಪ್ಪ. "ಕೇಳಿದ್ನಿ. ಮುಂಜಾನೆ ಗೋದಿ ಹುಗ್ಗಿ ಉಂಡು ಬಂದೀನಿ ಅಂದ್ಲು. ಅಲ್ಲೇ ಬಿಟ್ಟು ಬಂದ್ನಿ."

ಪಾಪ, ಬಂಗಾರೆವ್ವ. ಉಂಡು ಬಂದಿಯೇನು ಎಂದು ಅಕ್ಕರೆಯಿಂದ ಕೇಳುತ್ತಾನೆ ಎಂದುಕೊಂಡು ಹುಗ್ಗಿಯ ರುಚಿಯನ್ನೆಲ್ಲ ವರ್ಣಿಸಿದ್ದಳಂತೆ. ಅವಳು ಗಂಟು ಹೊತ್ತು ಬಿಸಿಲಲ್ಲಿ ನಡೆದು ಬಂದು, ತಂಗಿಯ ಮನೆಯಲ್ಲಿ ನೀರು ಕುಡಿಯುವ ಮೊದಲೇ ಅವನಿಗೆ ತನ್ನ ಪಾಲಿನ ಬೈಗುಳ ಬೈದು ಮುಗಿಸಿದಳು. ಉಳಿದದ್ದನ್ನು ಕಾಶವ್ವ ಬೈದಳು. ಆಮೇಲೆ ಬುದ್ಧಿ. ಮನುಷ್ಯರನ್ನು ಹಾಗೆ ಬಿಟ್ಟು ಬರಬಾರದು. ಗೋದಿ ಹಿಟ್ಟು ಹತ್ತಿದ್ದು ಏನಾದರೂ ಇದ್ದರೆ ಚೆನ್ನಾಗಿ ತೊಳೆದು ಒಳಗೆ ತಂದರೆ ಸಾಕು.

ಆ ವಾರ ಜೋಳ ಬೀಸಿಸಿಕೊಂಡು ಬರಲು ದುಂಡಪ್ಪ ಗಿರಣಿಗೆ ಹೋದ. ಗಿರಣಿಯ ದಸ್ತಗೀರಸಾಬ ಆಗಷ್ಟೇ ಯಾರದೋ ಮದುವೆ ಮನೆಯ ಗೋದಿ ಬೀಸಿದ್ದ. ಅದರ ಹಿಂದೆಯೇ ಜೋಳ ಸುರಿದು, ಒಂದೀಟು ಗೋದಿ ಹಿಟ್ಟು ಹತ್ತಿರತೈತಿ, ನಡೀತೈತಿ ತಗೋ ಅಂದ. ದುಂಡಪ್ಪನಿಗೆ ಏನು ಮಾಡಬೇಕೆಂದು ಗೊತ್ತಿತ್ತು. ನೆಟ್ಟಗೆ ಓಣಿಯ ನಳದ ಕೆಳಗೆ ಹೋಗಿ ಕೂತು ಹಿಟ್ಟು ತೊಳೆದ. ಒಂದು ಸಲ ತೊಳೆದ, ನೀರು ಬೆಳ್ಳಗಿತ್ತು. ಮತ್ತೊಂದು ಸಲ ತೊಳೆದ, ಇನ್ನೂ ಬೆಳ್ಳಗಿತ್ತು. ನೀರು ತಿಳಿಯಾಗುವ ತನಕ ತೊಳೆದು ಮನೆಗೆ ಬಂದಾಗ ಚೀಲ ಸ್ವಚ್ಛವಾಗಿತ್ತು, ಒಳಗೆ ಏನೂ ಇರಲಿಲ್ಲ.

ಕಾಶವ್ವ ಈ ಸಲ ಬೈಯಲಿಲ್ಲ. ಅಕ್ಕತಂಗಿಯರಿಬ್ಬರೂ ಅಟ್ಟದ ಮೇಲಿನ ಬೀಸುಕಲ್ಲು ಇಳಿಸಿ, ತೊಳೆದು, ಎದುರುಬದುರು ಕೂತು ಬೀಸತೊಡಗಿದರು. ಬೀಸುತ್ತಲೇ ಹೇಳಿದಳು, "ದುಂಡಪ್ಪಾ, ನನ್ನ ಮಾತು ಇನ್ನ ಕೇಳಬ್ಯಾಡ. ನಾ ಹೇಳಿದ್ದೂ ಬ್ಯಾಡ, ಮಂದಿ ಹೇಳಿದ್ದೂ ಬ್ಯಾಡ. ಈ ಊಟದ ವಿಷಯದಾಗ ಡಾಕ್ಟರ್ ಬಾಯಿ ಏನ ಹೇಳ್ತಾರ, ಅದನ್ನಷ್ಟ ಮಾಡು."

ಬಂಗಾರೆವ್ವ ತಂಗಿಯ ಮನೆಯಲ್ಲೇ ಉಳಿದಳು. ಮನೆಯ ಹಿಟ್ಟಿನ ರೊಟ್ಟಿ ತಿನ್ನುತ್ತ ಕಾಶವ್ವ ಚೇತರಿಸಿಕೊಂಡಳು. ಹೊಟ್ಟೆ ತಣ್ಣಗಾಯಿತು, ಕಾಲಿಗೆ ಶಕ್ತಿ ಬಂತು. ಕೆಲವು ತಿಂಗಳ ಮೇಲೆ ಮಗನೊಡನೆ ಮತ್ತೆ ತೋರಿಸಲು ಹೋದಾಗ ಡಾಕ್ಟರ್ ಬಾಯಿ ಸಂತೋಷಪಟ್ಟರು. ಈ ರೋಗ ರಕ್ತಸಂಬಂಧದವರಲ್ಲೂ ಇರಬಹುದು, ಮಗನ ರಕ್ತವನ್ನೂ ನೋಡಬೇಕು ಅಂದರು. ಗೋದಿ ತಿನ್ನುತ್ತೀಯಲ್ಲವೇ ಎಂದು ಅವನನ್ನು ಕೇಳಿದರು.

ಇಲ್ಲ ಅಂದ ದುಂಡಪ್ಪ. ಅವ್ವ ಹೇಳಿದ ದಿನದಿಂದ ತಿಂದೇ ಇಲ್ಲ.

ಕಾಶವ್ವ ಅವನ ಕಡೆ ತಿರುಗಿದಳು. ಹೊರಗೆ ಚಹಾದಂಗಡಿಯಲ್ಲಿ ಬನ್ನು ತಿನ್ನುತ್ತಾನೆ, ಗೆಳೆಯರ ಮನೆಯಲ್ಲಿ ಚಪಾತಿ ತಿನ್ನುತ್ತಾನೆ ಎಂದೇ ಅವಳು ತಿಳಿದಿದ್ದಳು. "ನಿನಗ್ಯಾರು ಬ್ಯಾಡ ಅಂದಿದ್ರೋ?" ಅಂದಳು.

"ಮನ್ಯಾಗ ಗೋದಿ ಇರಬಾರದು ಅಂದಿದ್ದಿ. ತಿಂದು ಒಳಗ ಬಂದ್ರ, ಗೋದಿನೂ ನನ್ನ ಕೂಡ ಒಳಗ ಬರತೈತೆಲ್ಲವ್ವಾ."

ಕಾಶವ್ವ ಸೆರಗಿನ ಅಂಚು ಸರಿಮಾಡಿಕೊಂಡಳು. ಡಾಕ್ಟರ್ ಬಾಯಿ, ಗೋದಿ ಬಿಟ್ಟವರ ರಕ್ತದಲ್ಲಿ ಈ ರೋಗ ಸರಿಯಾಗಿ ಕಾಣುವುದಿಲ್ಲ, ಕೆಲವು ವಾರ ದಿನಾ ತಿಂದು ಬರಬೇಕು ಎಂದು ವಿವರಿಸಿದರು. "ನಾನು ಸಾಕು ಅನ್ನೋತನಕ ಗೋದಿ ತಿನ್ನೋದು ನಿಲ್ಲಿಸಬೇಡಪ್ಪ," ಅಂದರು.

ದವಾಖಾನೆಯ ಗೇಟಿನಲ್ಲೇ ದುಂಡಪ್ಪ ಬನ್ನು ಕೊಂಡ. ಬಸ್ಸು ಬರುವ ತನಕ ತಿಂದ. ಬಸ್ಸಿನಲ್ಲೂ ತಿಂದ. ಬಾಯಿ ತುಂಬಿದ್ದರಿಂದ ಕಂಡಕ್ಟರನಿಗೆ ಊರಿನ ಹೆಸರು ಹೇಳಿದವಳು ಕಾಶವ್ವ. ಊರಿಗೆ ಬಂದ ಮೇಲೆ ಮನೆಯೊಳಗೆ ಕಾಲಿಡದೆ ಕಟ್ಟೆಯ ಮೇಲೆ ಕೂತ. ಓಣಿಯ ಹೆಂಗಸರಿಗೆ ಸುದ್ದಿ ಮುಟ್ಟಿತು. ಒಬ್ಬಳು ಚಪಾತಿ ತಂದಳು, ಒಬ್ಬಳು ಉಪ್ಪಿಟ್ಟು ತಂದಳು. ತಂದದ್ದನ್ನೆಲ್ಲ ತಿಂದ. ಸಂಜೆಯಾಯಿತು. ಹೊಟ್ಟೆ ಡೊಳ್ಳಿನಂತೆ ಬಿಗಿಯಿತು, ಕಣ್ಣಲ್ಲಿ ನೀರು ಬಂತು, ದವಡೆ ಮಾತ್ರ ನಿಲ್ಲಲಿಲ್ಲ.

"ಸಾಕೋ ನನ್ನಪ್ಪಾ," ಅಂದಳು ಕಾಶವ್ವ. ಅವನು ತಲೆ ಅಲ್ಲಾಡಿಸಿದ. ಅವ್ವನ ಮಾತು ಕೇಳಬಾರದೆಂದು ಅವ್ವನೇ ಹೇಳಿದ್ದಳು.

ಬಂಗಾರೆವ್ವ ತನ್ನ ಮೊಬೈಲಿನಿಂದ ಡಾಕ್ಟರ್ ಬಾಯಿಗೆ ಫೋನು ಹಚ್ಚಿ, ನಡೆದದ್ದನ್ನೆಲ್ಲ ಹೇಳಿದಳು. ಅವರು ಗಾಬರಿಯಾಗಿ, ಫೋನು ಅವನ ಕಿವಿಗೆ ಹಿಡಿಯಿರಿ ಅಂದರು.

"ಸಾಕಪ್ಪ. ಇವತ್ತಿಗೆ ಸಾಕು. ನಿಲ್ಲಿಸಿಬಿಡು."

ದುಂಡಪ್ಪ ನಿಲ್ಲಿಸಿದ. ಏರಿದ ದವಡೆ ಏರಿದಲ್ಲೇ ನಿಂತಿತು. ಬಾಯಲ್ಲಿ ಅರ್ಧ ಚಪಾತಿ ಇತ್ತು. ನುಂಗೋ ಅಂದಳು ಬಂಗಾರೆವ್ವ, ತಲೆ ಅಲ್ಲಾಡಿಸಿದ. ಉಗುಳೋ ಅಂದಳು ಕಾಶವ್ವ, ಅದಕ್ಕೂ ತಲೆ ಅಲ್ಲಾಡಿಸಿದ. ಬಾಯಲ್ಲಿ ಇರುವುದನ್ನು ಏನು ಮಾಡಬೇಕೆಂದು ಡಾಕ್ಟರ್ ಬಾಯಿ ಹೇಳಿರಲಿಲ್ಲ. ಮತ್ತೆ ಫೋನು ಹಚ್ಚಿದರೆ ಸ್ವಿಚ್ ಆಫ್ ಎಂದು ಬಂತು.

ಕಾಶವ್ವ ಒಳಗೆ ಹೋಗಿ ತನ್ನ ರೊಟ್ಟಿಯ ತಾಟು ತಂದು ಮಗನ ಪಕ್ಕದಲ್ಲೇ ಕೂತಳು. ಒಂದು ಕೈಯಿಂದ ರೊಟ್ಟಿ ಮುರಿದು ತಿಂದಳು, ಇನ್ನೊಂದು ಕೈಯಿಂದ ಅವನ ಬೆನ್ನು ಸವರಿದಳು. ದುಂಡಪ್ಪ ಎರಡೂ ಗಲ್ಲ ಉಬ್ಬಿಸಿಕೊಂಡು ಮೊಬೈಲನ್ನೇ ನೋಡುತ್ತ ಕೂತಿದ್ದ.