ಸುಣ್ಣದ ಕಲ್ಲಿನಿಂದ ಮರದವರೆಗೆ

ಹೊಳೆಯ ದಂಡೆಯ ಆಶ್ರಮವೊಂದರಲ್ಲಿ ನಿಜಗುಣಯ್ಯ ಎಂಬ ವೃದ್ಧ ಗುರುಗಳು ಸಣ್ಣ ವಿಮಾನ ಹಾರಿಸುವುದನ್ನು ಕಲಿಸುತ್ತಿದ್ದರು. ಗುಡ್ಡದಾಚೆಯ ಊರುಗಳಿಗೆ ಬೇರೆ ದಾರಿಯಿರಲಿಲ್ಲ.

ಆಶ್ರಮದ ಮುಂದಿನ ಹುಲ್ಲುಬಯಲೇ ವಿಮಾನ ಓಡುವ ಜಾಗ. ಅದರ ಅರ್ಧಕ್ಕೆ, ಅಂಚಿನಲ್ಲಿ, ಸುಣ್ಣ ಬಳಿದ ಒಂದು ಕಲ್ಲು. ಅಲ್ಲಿಗೆ ಬರುವಷ್ಟರಲ್ಲಿ ಚಕ್ರ ಹಗುರಾಗದಿದ್ದರೆ ನಿಲ್ಲಿಸಿಬಿಡಬೇಕು. ಗುರುಗಳ ಮೊದಲ ಪಾಠ ಅದು.

ಒಂದು ಬೆಳಿಗ್ಗೆ ಶಿಷ್ಯ ಮಲ್ಹಾರಿಯ ವಿಮಾನ ಬಯಲಿನ ಕೊನೆಯ ಮತ್ತಿಮರಕ್ಕೆ ಹೊಡೆಯಿತು. ಅವನ ಕೈ ಮುರಿಯಿತು. ಗುಡ್ಡದಾಚೆಗೆ ಔಷಧಿ ಒಯ್ಯಲು ಜೊತೆಗೆ ಹೊರಟಿದ್ದ ಸೂಲಗಿತ್ತಿ ಸುಶೀಲ ಸತ್ತಳು.

ಹೆಣವನ್ನು ಜಗಲಿಯಲ್ಲಿ ಮಲಗಿಸಿ, ಹೊಳೆಯಾಚೆಯ ಅವಳ ತಾಯಿಗೆ ಹೇಳಿಕಳಿಸಿದರು.

ಸತ್ತವಳಿಗೆ ಬಾಯಿಲ್ಲ. ಬದುಕಿದವನು ಮಾತು ಶುರು ಮಾಡಿದ.

"ಗಾಳಿ ತಿರುಗಿಬಿಟ್ಟಿತು, ಗುರುಗಳೇ."

"ಸುಣ್ಣದ ಕಲ್ಲಿನಿಂದ ಮರದವರೆಗೆ ಎಷ್ಟು ಹೆಜ್ಜೆ, ಎಣಿಸಿಕೊಂಡು ಬಾ," ಎಂದರು ಗುರುಗಳು.

ಅವನು ಹೋಗಿ ಬಂದ. "ಮುನ್ನೂರ ಹನ್ನೆರಡು."

"ವಿಮಾನ ಏಳೋದಿಲ್ಲ ಅಂತ ಎಷ್ಟನೇ ಹೆಜ್ಜೇಲಿ ಗೊತ್ತಾಯಿತು?"

"ಕೊನೇಲಿ. ಮರ ಎದುರಿಗೆ ಬಂದಾಗ."

"ಇನ್ನೊಮ್ಮೆ ನಡಿ."

ಮುರಿದ ಕೈಯನ್ನು ಪಂಚೆಯ ತುಂಡಿನಲ್ಲಿ ಕುತ್ತಿಗೆಗೆ ಕಟ್ಟಿಕೊಂಡು ಅವನು ಮತ್ತೆ ನಡೆದ. ಹುಲ್ಲು ಇನ್ನೂ ಒದ್ದೆಯಾಗಿತ್ತು. ಚಕ್ರದ ಗೆರೆ ಉದ್ದಕ್ಕೂ ಆಳವಾಗಿಯೇ ಇತ್ತು. ಮರದ ಬುಡದಲ್ಲಿ ಔಷಧಿ ಡಬ್ಬಗಳು ಚೆಲ್ಲಿದ್ದವು. ಸುಶೀಲಳ ಒಂದು ಚಪ್ಪಲಿ ಸಿಕ್ಕಿತು.

"ಕಲ್ಲು ದಾಟಿ ಅರ್ಧ ದಾರೀಲಿ," ಎಂದ, ಚಪ್ಪಲಿಯನ್ನು ಜಗಲಿಯ ಮೇಲಿಟ್ಟು.

"ಇನ್ನೊಮ್ಮೆ."

ಮೂರನೆಯ ಸಲ ಅವನು ಮರದವರೆಗೆ ಹೋಗಲಿಲ್ಲ. ಕಲ್ಲಿನ ಹತ್ತಿರ ಸ್ವಲ್ಪ ಹೊತ್ತು ನಿಂತು ತಿರುಗಿ ಬಂದ.

"ಕಲ್ಲಿನ ಹತ್ತಿರವೇ ಗೊತ್ತಿತ್ತು."

"ಮತ್ತೆ ಯಾಕೆ ನಿಲ್ಲಿಸಲಿಲ್ಲ?"

"ಅದಕ್ಕೆ ಮುಂಚೆ ಒಂದು ಸಲ ನಿಲ್ಲಿಸಿದ್ದೆನಲ್ಲ. ಬೇಲಿ ಹತ್ತಿರ ನಿಂತವರೆಲ್ಲ ನಕ್ಕರು. ಒಂದು ಡಬ್ಬ ಇಳಿಸಿ ಮತ್ತೆ ಹೊರಟೆ. ಎರಡನೇ ಸಲವೂ ನಗೆಪಾಟಲಾಗೋಕೆ ಮನಸ್ಸಾಗಲಿಲ್ಲ."

"ಸುಶೀಲಾನೂ ನಕ್ಕಳೇನು?"

"ಇಲ್ಲ. 'ಇನ್ನೆರಡು ಡಬ್ಬ ಇಳಿಸೋಣ ಅಣ್ಣ, ನಾಳೆ ತಂದರಾಯ್ತು' ಅಂದಳು."

"ಮತ್ತೆ ನಕ್ಕವರು ಯಾರು?"

ಮಲ್ಹಾರಿ ನೆಲ ನೋಡಿದ.

"ಮೊದಲು ನಕ್ಕಿದ್ದು ನೀವು, ಗುರುಗಳೇ. 'ಏನಯ್ಯ, ಹಾರೋಕೆ ಹೊರಟಿದ್ದೀಯೋ, ಹೊಲ ಉಳೋಕೋ' ಅಂದಿರಿ. ಆಮೇಲೆ ಉಳಿದವರು ನಕ್ಕರು."



ಹೊಳೆಯಲ್ಲಿ ಹರಿಗೋಲು ಕಾಣಿಸಿತು. ಅದರಲ್ಲಿ ಸುಶೀಲಳ ತಾಯಿ ಕೆಂಚಮ್ಮ ಕೂತಿದ್ದಳು. ಮಗಳಿಗೆ ಪೆಟ್ಟಾಗಿದೆ ಎಂದಷ್ಟೇ ಅವಳಿಗೆ ಹೇಳಿದ್ದರು. ತೊಡೆಯ ಮೇಲೆ ಗಂಜಿಯ ಪಾತ್ರೆಯಿತ್ತು. ಚೆಲ್ಲದ ಹಾಗೆ ಎರಡೂ ಕೈಯಲ್ಲಿ ಹಿಡಿದುಕೊಂಡಿದ್ದಳು.

ಗುರುಗಳು ಚಪ್ಪಲಿ ಎತ್ತಿಕೊಂಡರು. ಅದರ ಕೆಸರನ್ನು ತಮ್ಮ ಧೋತರದ ಅಂಚಿನಲ್ಲಿ ಒರೆಸಿದರು. ಜಗಲಿಯಿಂದ ಇಳಿದು ದಂಡೆಯ ಕಡೆ ಹೊರಟರು.

"ಬಾ. ಅವಳ ಮುಂದೆ ಗಾಳಿಯ ಮಾತೆತ್ತಬೇಡ. ನಕ್ಕಿದ್ದನ್ನು ಮೊದಲು ನಾನು ಹೇಳ್ತೀನಿ. ಆಮೇಲೆ ಗೊತ್ತಿದ್ದೂ ಎಷ್ಟು ಹೆಜ್ಜೆ ಓಡಿಸಿದೆ ಅಂತ ನೀನು ಹೇಳು."