ದ್ಯಾವಕ್ಕನ ಸೋರೆಬುರುಡೆ

ಕಣ್ಣಿಗೆ ಕಾಣದೆಯೂ ಎಲ್ಲೆಡೆ ತುಂಬಿದವನಿಗೆ, ಕರೆದರೆ ಓಗೊಡುವ ಕರುಣಾಳುವಿಗೆ ಶರಣು. ಅವನನ್ನು ನೆನೆದು ಈ ಮಾತು ಎತ್ತುತ್ತೇನೆ.

ಬಹಳ ಹಿಂದೆ, ಹೊಳೆಯ ನಡುಗಡ್ಡೆಯಲ್ಲಿ ಹೊನ್ನಕುರುವ ಅಂತ ಒಂದು ಊರು. ಅಲ್ಲಿ ಅಂಬಿಗರ ದ್ಯಾವಕ್ಕ ಅಂತ ಒಬ್ಬಳಿದ್ದಳಂತೆ. ಹರಿಗೋಲು ಹಾಕುವಳು, ಬಿಡುವಾದಾಗ ಚಾವಡಿಯ ಕಂಪ್ಯೂಟರ್ ನೋಡಿಕೊಳ್ಳುವಳು. ಅದನ್ನು ನಡೆಸುತ್ತಿದ್ದದ್ದು ಲಿನಕ್ಸ್ ಎಂಬ ತಂತ್ರಾಂಶ. ದಾಸೋಹದ ಅನ್ನದ ಹಾಗೆ ಯಾರು ಯಾರೋ ಬರೆದು, ಬೇಕಾದವರು ಉಣ್ಣಲಿ ಅಂತ ಬಿಟ್ಟದ್ದು. ಆಚೆ ದಡದಿಂದ ಗಾಳಿಯಲ್ಲಿ ಬರುವ ವೈಫೈ ಹಿಡಿಯಲು ಹುಣಸೆಬೀಜದಷ್ಟು ಒಂದು ಅಡಾಪ್ಟರ್. ಆ ಬೀಜದಿಂದ ಯಂತ್ರಕ್ಕೆ ಮಾತು ದಾಟಿಸಲು ಡ್ರೈವರ್ ಬೇಕು. “ಅದೂ ನಮ್ಮ ಕುಲದ್ದೇ” ಅಂತ ನಗುತ್ತಿದ್ದಳಂತೆ. ಎಲ್ಲಿಂದಲೋ ಅದರ ಮೂಲಬರಹ, ಅಂದರೆ ಸೋರ್ಸ್ ಕೋಡ್, ತಂದು, ಯಂತ್ರದ ಒಳಜೀವವಾದ ಕರ್ನಲ್‌ಗೆ ತಕ್ಕಂತೆ ಅಲ್ಲೇ ಕಟ್ಟಿ ಕೂರಿಸಿದ್ದಳು. ಕರ್ನಲ್ ಬದಲಾದರೆ ಡ್ರೈವರನ್ನೂ ಹೊಸದಾಗಿ ಕಟ್ಟಬೇಕು.

ಶ್ರಾವಣ ಬಂತು. ಒಡಕು ಮಡಕೆ, ಹರಕು ಚಾಪೆ, ಹಳೆಯದನ್ನೆಲ್ಲ ಆಗ ಹೊಳೆಗೆ ಬಿಡುವುದು ಆ ಊರಿನ ವಾಡಿಕೆ. ಊರ ಹಿರಿಯ ಸಾಬಣ್ಣ ಮಡಿಯ ಮನುಷ್ಯ. ಕಂಪ್ಯೂಟರೂ ಶುದ್ಧವಾಗಲಿ ಅಂತ ಹೊಸ ಕರ್ನಲ್ ಇಳಿಸಿ, ಹಳೆಯದನ್ನೂ ಡ್ರೈವರಿನ ಮೂಲಬರಹವನ್ನೂ ಅಳಿಸಿ, ಊದಿನಕಡ್ಡಿ ಬೆಳಗಿದನಂತೆ. ಯಂತ್ರ ಮತ್ತೆ ಎದ್ದಾಗ ಅಡಾಪ್ಟರಿನ ದೀಪ ಹತ್ತಲಿಲ್ಲ. ವೈಫೈ ಬರಲು ಡ್ರೈವರ್ ಬೇಕು, ಡ್ರೈವರ್ ತರಲು ವೈಫೈ ಬೇಕು.

ಆ ಹೊತ್ತಿಗೇ ಹೊಳೆ ಉಕ್ಕಿತು. ಆ ಹೊತ್ತಿಗೇ ಸಾಬಣ್ಣನ ಸೊಸೆ ಹುಲಿಗೆವ್ವನಿಗೆ ಹೆರಿಗೆ ನೋವು ಎದ್ದಿತು, ಅವಳನ್ನು ಚಾವಡಿಗೇ ಹೊತ್ತು ತಂದರು. ಕೂಸು ಅಡ್ಡ ತಿರುಗಿದೆ, ದೂರದ ಡಾಕ್ಟರಮ್ಮ ಪರದೆಯಲ್ಲಿ ನೋಡಿ ಹೇಳಿದರಷ್ಟೇ ಕೈ ಹಾಕುವೆ ಎಂದಳಂತೆ ಸೂಲಗಿತ್ತಿ.

“ಹಳೇದೆಲ್ಲ ಕಸ ಅಲ್ಲೋ ಮಾವ. ಹೊಸ ಹರಿಗೋಲು ನೀರು ಕಾಣೂತನಕ ಹಳೇದನ್ನ ಯಾರರ ಸುಡ್ತಾರೇನು?” ಅಂದಳು ದ್ಯಾವಕ್ಕ.

“ಬೈಯವ್ವ, ಎಷ್ಟರ ಬೈ. ಸೊಸಿನ ಉಳಿಸಿಕೊಡು.”

ಹರಿಗೋಲು ನಿಲ್ಲದ ಸೆಳವು. ಆಚೆ ದಡದಿಂದ ಡ್ರೈವರ್ ತರಲು, ಈಜುವಾಗ ತೇಲಲು ಕಟ್ಟಿಕೊಳ್ಳುವ ಸೋರೆಬುರುಡೆಯೊಳಗೆ ಪೆನ್‌ಡ್ರೈವ್ ಇಟ್ಟು, ಬಾಯಿಗೆ ಜೇನುಮೇಣ ಮೆತ್ತಿ, ಬೆನ್ನಿಗೆ ಕಟ್ಟಿ ಧುಮುಕಿದಳಂತೆ. ಹೊಸ ಕರ್ನಲ್ಲಿನ ಆವೃತ್ತಿಯ ಅಂಕಿಯನ್ನು ಜಪದಂತೆ ಹೇಳುತ್ತ ಈಜಿದಳಂತೆ. ಒಂದು ಅಂಕಿ ತಪ್ಪಿದರೂ ತಂದ ಕಡತ ಹೊಂದುವುದಿಲ್ಲ, ಮತ್ತೊಮ್ಮೆ ಹೊಳೆ ದಾಟಿ ಬರುವ ತನಕ ಹುಲಿಗೆವ್ವ ತಡೆಯುವಂತಿರಲಿಲ್ಲ. ಹೊಳೆ ಸೀಳಿ ದಾರಿ ಬಿಟ್ಟಿತು ಅಂತಾರೆ. ಮೊಸಳೆ ಬೆನ್ನು ಕೊಟ್ಟಿತು ಅಂತಾರೆ. ನಾನು ಅಲ್ಲಗಳೆಯಲಾರೆ. ನನಗೆ ದೊಡ್ಡದಾಗಿ ಕಾಣುವುದು ಬೇರೆ. ನೀರು ಮೂಗಿಗೇರಿದಾಗಲೂ ಆ ಬಾಯಿ ಅಂಕಿಯನ್ನು ಬಿಡಲಿಲ್ಲವಲ್ಲ. ಇನ್ನೊಬ್ಬರ ಜೀವಕ್ಕಾಗಿ ಹೇಳಿದ ಅಂಕಿಯನ್ನು ಆ ಕರುಣಾಳು ತನ್ನ ನಾಮವೆಂದೇ ಕೇಳಿಸಿಕೊಂಡಿರಬೇಕು.

ಆಚೆ ದಡದ ಶಾಲೆಯಲ್ಲಿ ಆ ಅಂಕಿಗೆ ಹೊಂದುವ ಕಡತಗಳನ್ನೂ ಮೂಲಬರಹವನ್ನೂ ತುಂಬಿಕೊಂಡು, ಅದೇ ಬುರುಡೆ ಕಟ್ಟಿ ಮರಳಿದಳು. ಒದ್ದೆ ಸೀರೆಯಲ್ಲೇ ಕೂತು ‘ಮೇಕ್’, ಅಂದರೆ ಕಟ್ಟು, ಅಂತ ಯಂತ್ರಕ್ಕೆ ಆಜ್ಞೆ ಕೊಟ್ಟಳು. ಪರದೆಯ ಮೇಲೆ ಸಾಲುಗಳು ಓಡಿದವು, ಓಡಿ ನಿಂತವು. ಡ್ರೈವರನ್ನು ಕರ್ನಲ್ಲಿಗೆ ಸೇರಿಸಿದಳು, ವೈಫೈ ಹೆಸರನ್ನು ಆಯ್ದು ಪಾಸ್‌ವರ್ಡ್ ಕೊಟ್ಟಳು. ಬೀಜದಲ್ಲಿ ನೀಲಿ ದೀಪ ಮಿಣುಕಿತು. ಡಾಕ್ಟರಮ್ಮನ ಮುಖ ಮೂಡಿತು. ಆಕೆ ಹೇಳಿದಂತೆ ಸೂಲಗಿತ್ತಿ ಕೈಯಾಡಿಸಿದಳು. ಕೂಸು ತಿರುಗಿತು, ಭೂಮಿಗೆ ಬಂತು, ಅತ್ತಿತು. ಸಾಬಣ್ಣ ಚಾವಡಿಯ ಹೊಸ್ತಿಲಿಗೆ ಹಣೆ ಹಚ್ಚಿದನಂತೆ.

ಇಂದಿಗೂ ಆ ಚಾವಡಿಯ ಬಾಗಿಲಿಗೆ ಒಂದು ಸೋರೆಬುರುಡೆ ತೂಗುತ್ತದೆ, ಒಳಗೆ ಡ್ರೈವರಿನ ಮೂಲಬರಹವಿರುವ ಪೆನ್‌ಡ್ರೈವ್. ಹೊಸ ಕರ್ನಲ್ ಇಳಿಸುವವರು ಅದನ್ನು ಮುಟ್ಟಿ ಕಣ್ಣಿಗೊತ್ತಿಕೊಳ್ಳುತ್ತಾರೆ, ನೀಲಿ ದೀಪ ಹತ್ತುವ ತನಕ ಹಳೆಯದನ್ನು ಅಳಿಸುವುದಿಲ್ಲ. ಶ್ರಾವಣದಲ್ಲಿ ಪ್ರತಿ ಮನೆಯೂ ಹೊಳೆಗೆ ಬಿಡದೆ ಒಂದು ಹಳೆಯ ವಸ್ತುವನ್ನು ಉಳಿಸಿಕೊಳ್ಳುತ್ತದೆ. ಅದು ದ್ಯಾವಕ್ಕನ ಪಾಲು ಅಂತಾರೆ.

ಕಿವಿಗೊಟ್ಟ ನಿಮಗೆಲ್ಲ ಒಳ್ಳೆಯದಾಗಲಿ. ನಿಮ್ಮ ಕರೆ ತುಂಬಿದ ಹೊಳೆಯ ಆಚೆಗೂ ಮುಟ್ಟಲಿ, ಅಲ್ಲಿಂದ ಓಗೊಡುವವರು ಇರಲಿ.